ಇಳಿಸಿದ ಎಣ್ಣೆಯನ್ನು ನೋಡುವವರಿಲ್ಲ

ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಗೇರ್‌ಬಾಕ್ಸ್‌ಗಳ ಆಯಿಲ್ ಚೇಂಜ್ ಶುರುವಾಗುತ್ತದೆ. ಕೇನ್ ಕ್ಯಾರಿಯರ್, ಬಗ್ಯಾಸ್ ಕನ್ವೇಯರ್‌ಗಳ ರಿಡ್ಯೂಸರ್‌ಗೆ ಹೊಸ ಎಣ್ಣೆ ಬಿತ್ತು, ಲಾಗ್ ಬುಕ್ಕಿಗೆ ಸಹಿ ಬಿತ್ತು ಅಂದರೆ ಕೆಲಸ ಮುಗಿದಂತೆ. ಹಾಕುವ ಎಣ್ಣೆಯ ಗ್ರೇಡು, ಕಂಪನಿ, ದರ ಎಲ್ಲವನ್ನೂ ವಿಚಾರಿಸುವ ನಾವು ಇಳಿಸಿದ ಎಣ್ಣೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಈ ಪದ್ಧತಿಯ ದೊಡ್ಡ ಕೊರತೆ ಇದೇ.

ಡ್ರೈನ್ ಪ್ಲಗ್ ಬಿಚ್ಚಿದಾಗ ಬರುವುದು ಬರೀ ಕೊಳೆಯಲ್ಲ. ಹಾಲು ಹಾಕಿದ ಚಹಾದಂತೆ ಮಬ್ಬಾಗಿದ್ದರೆ ನೀರು ಸೇರಿದೆ. ಅದು ಮಿಲ್ ಹೌಸ್ ತೊಳೆದ ನೀರೋ, ಬ್ರೀದರ್‌ನಿಂದ ನುಸುಳಿದ ಉಗಿಯೋ ಹುಡುಕಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ವಿಪರೀತ ಕಾದಿದೆ. ಮ್ಯಾಗ್ನೆಟ್ ಪ್ಲಗ್ಗಿಗೆ ನುಣ್ಣನೆಯ ಬೂದು ಲೇಪ ಹತ್ತಿದ್ದರೆ ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಹಲ್ಲೋ ಬೇರಿಂಗೋ ಕಿತ್ತುಬರುತ್ತಿದೆ ಎಂದರ್ಥ. ವರ್ಮ್ ಗೇರಿನ ಕಂಚಿನ ಪುಡಿಯನ್ನು ಮ್ಯಾಗ್ನೆಟ್ ಹಿಡಿಯದು. ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಬೇಕು. ಇದಕ್ಕೆಲ್ಲ ಲ್ಯಾಬ್ ಬೇಡ, ಐದು ನಿಮಿಷ ಬೇಕು. ಆ ಐದು ನಿಮಿಷ ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

ಇಳಿಸುವ ಹೊತ್ತೂ ತಪ್ಪು. ಯಂತ್ರ ನಿಂತು ವಾರಗಳಾದ ಮೇಲೆ ಪ್ಲಗ್ ತೆಗೆದರೆ 320 ಗ್ರೇಡಿನ ದಪ್ಪ ಎಣ್ಣೆ ಮೆಲ್ಲಗೆ ಜಾರುತ್ತದೆ, ಕಸ ತಳದಲ್ಲೇ ಕೂತಿರುತ್ತದೆ. ನಿಲ್ಲಿಸಿದ ಕೂಡಲೇ, ಕೈ ಸುಡದಷ್ಟು ಬಿಸಿ ಇರುವಾಗಲೇ ಇಳಿಸಬೇಕು. ಕಸ ಉಳಿಯಿತೆಂದು ಡೀಸೆಲ್ ಹಾಕಿ ತೊಳೆಯುವ ಜಾಣರೂ ಇದ್ದಾರೆ. ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುಮಾಡುತ್ತದೆ. ತೊಳೆಯುವುದಿದ್ದರೆ ಅದೇ ಜಾತಿಯ ಎಣ್ಣೆಯಿಂದ ತೊಳೆಯಲಿ.

ತಾರೀಖು ನೋಡಿ ಬದಲಿಸುವುದೇ ತಪ್ಪು ಎನ್ನಲಾರೆ. ತಾರೀಖೂ ಇಲ್ಲದಿದ್ದರೆ ಕೆಲವು ಗೇರ್‌ಬಾಕ್ಸ್‌ಗಳಿಗೆ ಹೊಸ ಎಣ್ಣೆಯೇ ಕಾಣದು. ಆದರೆ ಎಲ್ಲಕ್ಕೂ ಒಂದೇ ತಾರೀಖು ಹೇಗೆ? ಬಿಸಿ 10 ಡಿಗ್ರಿ ಏರಿದರೆ ಮಿನರಲ್ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಬಾಯ್ಲರ್ ಪಕ್ಕ 85 ಡಿಗ್ರಿಯಲ್ಲಿ ಬೇಯುವುದಕ್ಕೂ ನೆರಳಲ್ಲಿ 60ರಲ್ಲಿ ತಿರುಗುವುದಕ್ಕೂ ಒಂದೇ ಲೆಕ್ಕ ಅಂದರೆ ಅದು ಲೆಕ್ಕವೇ ಅಲ್ಲ. ಇನ್ನೊಂದೆಡೆ, ಹೊಸ ಗೇರ್‌ಬಾಕ್ಸ್ ಓಡಿದ ಮೊದಲ 300ರಿಂದ 500 ಗಂಟೆಗಳಲ್ಲಿ ಆಗಬೇಕಾದ ಚೇಂಜ್ ಹೆಚ್ಚಾಗಿ ತಪ್ಪಿಹೋಗುತ್ತದೆ. ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ವರ್ಷವಿಡೀ ಒಳಗೇ ಸುತ್ತುತ್ತಿರುತ್ತದೆ.

ಹಾಕುವಾಗ “ಇನ್ನೊಂದು ಲೀಟರ್ ಇರಲಿ” ಎನ್ನುವ ಉದಾರತೆ ಬೇರೆ. ಮಟ್ಟ ಮೀರಿದರೆ ಗೇರು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ಕಾಯಿಸುತ್ತದೆ, ಆಮೇಲೆ ಸೀಲಿನಿಂದ ಸೋರುತ್ತದೆ. ಸೋರಿದಾಗ ಬೈಗುಳ ಸೀಲಿಗೆ.

ಕೊನೆಗೆ ಡ್ರಮ್ಮಿನಲ್ಲಿ ಉಳಿದ ಹಳೆಯ ಎಣ್ಣೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೆ ಹೋಗಬೇಕು. ಅದರಲ್ಲಿ ಒಂದಷ್ಟು ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೊರಟುಹೋಗುತ್ತದೆ. ಹೋಗುವ ಮುಂಚೆ ಒಂದು ಬಾಟಲಿ ಸ್ಯಾಂಪಲ್ ತೆಗೆದಿಟ್ಟ ಕಾರ್ಖಾನೆಗಳು ಅಪರೂಪ.