ಬೆಲ್ಟು ಕೊಡಬಹುದು, ನಂಬಿಕೆ ಕೊಡೋಕಾಗಲ್ಲ

"ಅದೆಲ್ಲಾ ಫಿಕ್ಸ್ ಕಣ್ರೀ, ಅದರಲ್ಲಿ ಗೆಲ್ಲೋದೇನು ಸೋಲೋದೇನು?" ಡಬ್ಲ್ಯುಡಬ್ಲ್ಯುಇ ನೋಡುವವರೆಲ್ಲ ಒಂದಲ್ಲ ಒಂದು ಸಲ ಕೇಳಿಸಿಕೊಂಡಿರುವ ಮಾತು ಇದು. ಹೌದು, ಫಿಕ್ಸೇ. ಯಾರು ಗೆಲ್ಲಬೇಕು ಅನ್ನೋದು ರಿಂಗಿಗೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತೆ. ಟ್ರಂಪ್ ಕಾರ್ಡು ಹಿಡಿದು ಎತ್ತರ, ತೂಕ, ಎದೆ ಸುತ್ತಳತೆ ಅಂತ ಕಿತ್ತಾಡುತ್ತಿದ್ದ ವಯಸ್ಸಿನಲ್ಲಿ ನಮಗದು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಆದರೂ ಕೆಲವರು ನೋಡೋದು ಬಿಡಲಿಲ್ಲ. ಯಾಕೆಂದರೆ ಆ ಇಡೀ ವ್ಯವಹಾರದಲ್ಲಿ ಒಂದೇ ಒಂದು ವಿಷಯ ಫಿಕ್ಸ್ ಮಾಡೋಕೆ ಬರಲ್ಲ: ದುಡ್ಡು ಕೊಟ್ಟು ಒಳಗೆ ಕೂತ ಸಾವಿರಾರು ಜನ ಇವನನ್ನು ಚಾಂಪಿಯನ್ ಅಂತ ಒಪ್ಪಿಕೊಳ್ತಾರೋ ಇಲ್ಲವೋ ಅನ್ನೋದು.

ಕೆಳಗಿದ್ದವನನ್ನು ಮೇಲಕ್ಕೆತ್ತೋದಕ್ಕೆ ಅಲ್ಲಿನ ಭಾಷೆಯಲ್ಲಿ 'ಪುಶ್' ಅಂತಾರೆ. ಪುಶ್ ಸಿಕ್ಕಿಯೂ ಮಕಾಡೆ ಮಲಗಿದವರು ಬೇಕಾದಷ್ಟು ಜನ. ಕುತೂಹಲ ಇರೋದು, "ಇವನಿಗಾ? ಇವನಿಗೆ ಯಾಕೆ?" ಅಂತ ಎಲ್ಲರೂ ಮೂಗು ಮುರಿದ ಮೇಲೂ ಗೆದ್ದುಬಿಟ್ಟವರ ಬಗ್ಗೆ. ಅವರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತೆ. ಅವರ‍್ಯಾರೂ ತಮ್ಮ ಹಳೇ ಸಣ್ಣತನವನ್ನು ಮುಚ್ಚಿಡಲಿಲ್ಲ. ಜನರ ಅನುಮಾನವನ್ನೇ ಬಂಡವಾಳ ಮಾಡಿಕೊಂಡರು.

ಮೊದಲ ಉದಾಹರಣೆ ಜೆಬಿಎಲ್. ಪೂರ್ತಿ ಹೆಸರು ಜಾನ್ ಬ್ರಾಡ್‌ಶಾ ಲೇಫೀಲ್ಡ್, ಟೆಕ್ಸಸ್‌ನವನು. 1996ರಿಂದ ಕಂಪನಿಯಲ್ಲಿದ್ದ. ಜನ ಅವನನ್ನು ಗುರುತಿಸುತ್ತಿದ್ದದ್ದು ರಾನ್ ಸಿಮನ್ಸ್ (ಫಾರೂಕ್) ಜೊತೆಗಿನ ಎಪಿಎ ಅನ್ನೋ ಟ್ಯಾಗ್ ಟೀಮಿನಿಂದ. ಅದರಲ್ಲಿ ಇಬ್ಬರ ಕೆಲಸ ಏನು? ಬಿಯರ್ ಕುಡಿಯೋದು, ಇಸ್ಪೀಟ್ ಆಡೋದು, ಯಾರಾದರೂ ದುಡ್ಡು ಕೊಟ್ಟರೆ ಅವರ ಪರವಾಗಿ ಹೊಡೆದಾಡೋದು. 2004ರ ಮಾರ್ಚ್‌ನಲ್ಲಿ ರೆಸಲ್‌ಮೇನಿಯಾ ಮುಗಿಯುತ್ತಿದ್ದಂತೆ ಬ್ರಾಕ್ ಲೆಸ್ನರ್ ಕಂಪನಿ ಬಿಟ್ಟ. ಕರ್ಟ್ ಆಂಗಲ್‌ಗೆ ಗಾಯ. ಸ್ಮ್ಯಾಕ್‌ಡೌನ್‌ನಲ್ಲಿ ದೊಡ್ಡ ಖಳನಾಯಕನ ಜಾಗ ಖಾಲಿಯಾಯ್ತು. ಆ ಜಾಗಕ್ಕೆ ಬಂದವನು ಇಸ್ಪೀಟ್ ಆಡಿಕೊಂಡಿದ್ದ ಬ್ರಾಡ್‌ಶಾ!

ಕೂದಲು ಕತ್ತರಿಸಿ, ಸೂಟು ಹಾಕಿ, ತಲೆ ಮೇಲೊಂದು ಕೌಬಾಯ್ ಹ್ಯಾಟಿಟ್ಟು, ಮುಂದೆ ಗೂಳಿ ಕೊಂಬು ಸಿಕ್ಕಿಸಿದ ಬಿಳೀ ಲಿಮೋಸಿನ್‌ನಲ್ಲಿ ಬಂದಿಳಿದ. ವಾಲ್ ಸ್ಟ್ರೀಟ್ ಸಾಹುಕಾರ. ಇದು ಪೂರ್ತಿ ಕಟ್ಟುಕತೆ ಆಗಿರಲಿಲ್ಲ. ಆತ ನಿಜಕ್ಕೂ ಷೇರು ಮಾರುಕಟ್ಟೆಯಲ್ಲಿ ದುಡ್ಡು ಮಾಡಿದ್ದ, 2003ರಲ್ಲಿ ಹಣಕಾಸಿನ ಬಗ್ಗೆ ಪುಸ್ತಕ ಬರೆದಿದ್ದ, ಟಿವಿಯಲ್ಲಿ ಷೇರಿನ ಬಗ್ಗೆ ಮಾತಾಡುತ್ತಿದ್ದ. ಆದರೆ ಆಡಿಯನ್ಸ್‌ಗೆ ಬೇಕಾಗಿದ್ದದ್ದು ಎಡ್ಡಿ ಗೆರೆರೊ. ವ್ಯಸನದಿಂದ ಬದುಕನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಿ, ವಾಪಸ್ ಬಂದು, ಆ ವರ್ಷ ಫೆಬ್ರವರಿಯಲ್ಲಷ್ಟೇ ಲೆಸ್ನರ್‌ನನ್ನು ಸೋಲಿಸಿ ಬೆಲ್ಟ್ ಗೆದ್ದಿದ್ದ ಎಡ್ಡಿ. ಜೂನ್ 27ರಂದು ಅದೇ ಬೆಲ್ಟ್ ಜೆಬಿಎಲ್ ಪಾಲಾಯ್ತು. ಅದೂ ಹೇಗೆ? ಎಡ್ಡಿ ಗೆದ್ದ ಅಂತ ಎಲ್ಲರೂ ಸಂಭ್ರಮಿಸುವಷ್ಟರಲ್ಲಿ, ವಿಡಿಯೋ ರೀಪ್ಲೇ ತೋರಿಸಿ ತೀರ್ಪನ್ನೇ ತಿರುಗಿಸಿದರು.

ಸೂಕ್ಷ್ಮ ಇರೋದು ಇಲ್ಲಿ. ಬೇರೆ ಯಾರಾದರೂ ಬರೆದಿದ್ದರೆ ಹೊಸ ಚಾಂಪಿಯನ್‌ನನ್ನು ಬಲಶಾಲಿ ಅಂತ ತೋರಿಸಲು ಒದ್ದಾಡುತ್ತಿದ್ದರು. ಜೆಬಿಎಲ್ ವಿಷಯದಲ್ಲಿ ಉಲ್ಟಾ. ಪ್ರತಿ ಸಲ ಸೋಲುವ ಅಂಚಿಗೆ ಬಂದು, ಪ್ರತಿ ಸಲ ಯಾವುದೋ ಸಂದಿಯಲ್ಲಿ ನುಸುಳಿ ಪಾರಾಗುತ್ತಿದ್ದ. 2005ರ ಫೆಬ್ರವರಿಯ ಮುಳ್ಳುತಂತಿ ಪಂಜರದ ಪಂದ್ಯ ನೆನಪಿಸಿಕೊಳ್ಳಿ. ಬಿಗ್ ಶೋ ಅವನನ್ನು ಎತ್ತಿ ಕುಕ್ಕಿದ ರಭಸಕ್ಕೆ ರಿಂಗಿನ ಹಲಗೆಯೇ ತೂತಾಯ್ತು. ಕತೆ ಮುಗೀತು ಅಂದುಕೊಂಡರೆ, ಈ ಪುಣ್ಯಾತ್ಮ ಆ ತೂತಿನಿಂದಲೇ ರಿಂಗಿನ ಅಡಿಗೆ ತೆವಳಿ, ಪಂಜರದ ಹೊರಗೆ ತಲೆ ಹಾಕಿದ. ಪಂಜರದಿಂದ ಮೊದಲು ಹೊರಬಂದವನೇ ವಿಜೇತ!

"ಇವನಿಗೆ ಈ ಬೆಲ್ಟ್ ಇಟ್ಟುಕೊಳ್ಳೋ ಯೋಗ್ಯತೆ ಇಲ್ಲ" ಅಂತ ಜನ ಕೂಗುತ್ತಿದ್ದರು. ಕತೆಯೂ ಅದನ್ನೇ ಹೇಳುತ್ತಿತ್ತು. ಅವನು ಮಾತ್ರ ಹುಟ್ಟಿದಾಗಿನಿಂದ ಚಾಂಪಿಯನ್ ಅನ್ನೋ ಥರ ಹ್ಯಾಟು ಸರಿಮಾಡಿಕೊಂಡು ನಗುತ್ತಿದ್ದ. ಆ ಅಂತರದಲ್ಲೇ ಇಡೀ ಮಜಾ ಇತ್ತು. 280 ದಿನ ಹೀಗೇ ನಡೀತು. ಅವನ ಪಂದ್ಯಗಳು ಎಲ್ಲವೂ ಚೆನ್ನಾಗಿದ್ದವು ಅಂತ ನಾನು ಹೇಳಲ್ಲ. ಎಷ್ಟೋ ಪಂದ್ಯಗಳು ಎಳೆದಾಡಿದಂತಿದ್ದವು. ಆದರೆ ಖಳನಾಯಕನ ಕೆಲಸ ಚೆನ್ನಾಗಿ ಕುಸ್ತಿ ಆಡೋದಷ್ಟೇ ಅಲ್ಲ, ತನ್ನ ಸೋಲನ್ನು ಬೆಲೆಬಾಳುವ ವಸ್ತು ಮಾಡೋದು. 2005ರ ಏಪ್ರಿಲ್ 3ರಂದು ಆ ಸೋಲು ಬಂದಾಗ, ಅದನ್ನು ಪಡೆದವನು ಜಾನ್ ಸೀನ. ಅವನ ಮೊದಲ ಡಬ್ಲ್ಯುಡಬ್ಲ್ಯುಇ ಚಾಂಪಿಯನ್‌ಶಿಪ್ ಅದು. ಮುಂದಿನದು ನಿಮಗೆ ಗೊತ್ತೇ ಇದೆ.

ಜೆಬಿಎಲ್ ಅನುಮಾನವನ್ನು ದ್ವೇಷ ಮಾಡಿದರೆ, ಮಿಕ್ ಫೋಲಿ ಅದನ್ನು ಪ್ರೀತಿ ಮಾಡಿದ. ಹೊಟ್ಟೆ ಬಿಟ್ಟ ದೇಹ, ಕಿತ್ತುಹೋದ ಕಿವಿ, ಮುಖಕ್ಕೊಂದು ಚರ್ಮದ ಮುಸುಕು. ಪೋಸ್ಟರಿಗೆ ಹಾಕುವ ಮುಖ ಅಲ್ಲವೇ ಅಲ್ಲ. 1999ರ ಜನವರಿ 4ರಂದು, ಮ್ಯಾನ್‌ಕೈಂಡ್ ಅನ್ನೋ ಹೆಸರಿನಲ್ಲಿ ಆತ ದಿ ರಾಕ್‌ನನ್ನು ಸೋಲಿಸಿ ಚಾಂಪಿಯನ್ ಆಗುವ ಸಂಚಿಕೆ ಪ್ರಸಾರವಾಯ್ತು. ಅದು ಮೊದಲೇ ಚಿತ್ರೀಕರಣವಾಗಿತ್ತು. ಎದುರಾಳಿ ಚಾನೆಲ್ಲಿನಲ್ಲಿ ಡಬ್ಲ್ಯುಸಿಡಬ್ಲ್ಯುನ ನಿರೂಪಕ ಆ ಫಲಿತಾಂಶವನ್ನು ನೇರಪ್ರಸಾರದಲ್ಲೇ ಹೇಳಿ, ಇದನ್ನು ನೋಡೋಕೆ ಯಾರು ಬರ್ತಾರೆ ಅನ್ನೋ ಧಾಟಿಯಲ್ಲಿ ಗೇಲಿ ಮಾಡಿದ. ಗೇಲಿ ಕೇಳಿದ ಜನ ಚಾನೆಲ್ ಬದಲಿಸಿ ಫೋಲಿ ಗೆಲ್ಲೋದನ್ನು ನೋಡಲು ಹೋದರು! ಫಲಿತಾಂಶ ಗೊತ್ತಿದ್ದೂ ಹೋದರು ಅನ್ನೋದನ್ನು ಗಮನಿಸಿ. ಫಿಕ್ಸ್ ಅಂತ ಮೂಗು ಮುರಿಯುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಆದರೆ ಆ ಪ್ರೀತಿಯ ಬೆಲೆಯನ್ನೂ ಹೇಳಬೇಕು. ಅದೇ ತಿಂಗಳು ರಾಯಲ್ ರಂಬಲ್‌ನಲ್ಲಿ ಕೈಗೆ ಬೇಡಿ ಹಾಕಿದ ಫೋಲಿಯ ತಲೆಗೆ ರಾಕ್ ಕಬ್ಬಿಣದ ಕುರ್ಚಿಯಿಂದ ಮೇಲಿಂದ ಮೇಲೆ ಬಡಿದ. ಮುಂದಿನ ಸಾಲಿನಲ್ಲಿ ಹೆಂಡತಿ, ಪುಟ್ಟ ಮಕ್ಕಳು ಅಳುತ್ತಾ ಕೂತಿದ್ದರು. 'ಬಿಯಾಂಡ್ ದಿ ಮ್ಯಾಟ್' ಸಾಕ್ಷ್ಯಚಿತ್ರದಲ್ಲಿ ಅದೆಲ್ಲ ಇದೆ. ಪೋಸ್ಟರಿನ ಮುಖ ಇಲ್ಲದವನು ತನ್ನ ಯೋಗ್ಯತೆಯನ್ನು ಮೈಯಿಂದಲೇ ಸಾಬೀತು ಮಾಡಬೇಕಾಯ್ತು, ಬೆಲ್ಟ್ ಸಿಕ್ಕಿದ ಮೇಲೂ.

ಈಗ ನಮ್ಮವರು ಅಂತ ನಾವು ಹೇಳಿಕೊಳ್ಳಬೇಕಾಗಿದ್ದ ಜಿಂದರ್ ಮಹಲ್ ವಿಷಯಕ್ಕೆ ಬರೋಣ. ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಪಂಜಾಬಿ. ತ್ರೀ ಎಂಬಿ ಅನ್ನೋ ಕಾಮಿಡಿ ಬ್ಯಾಂಡ್ ಗುಂಪಿನಲ್ಲಿದ್ದ. 2014ರಲ್ಲಿ ಕೆಲಸ ಹೋಯ್ತು, 2016ರಲ್ಲಿ ವಾಪಸ್ ಬಂದ. ಬಂದ ಮೇಲೂ ಸೋಲೋದೇ ಕೆಲಸ. 2017ರ ಮೇ 21ರಂದು ಇದ್ದಕ್ಕಿದ್ದಂತೆ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಕಂಪನಿಯ ಕಣ್ಣು ಭಾರತದ ಮಾರುಕಟ್ಟೆ ಮೇಲಿದೆ ಅಂತ ಎಲ್ಲರೂ ಮಾತಾಡಿಕೊಂಡರು.

ಅವನೂ ಬೆವರು ಸುರಿಸಿ ಮೈ ಕಟ್ಟಿದ್ದ, ಅದರಲ್ಲಿ ಎರಡು ಮಾತಿಲ್ಲ. ಮತ್ತೆ ಎಡವಿದ್ದೆಲ್ಲಿ? 'ಮಹಾರಾಜ' ಅಂತ ಹೆಸರಿಟ್ಟರು, ಮೈಕ್ ಕೊಟ್ಟು "ನಾನು ನಿಮ್ಮ ಥರ ಕಾಣಲ್ಲ, ಅದಕ್ಕೇ ನಿಮಗೆ ನನ್ನನ್ನು ಕಂಡರೆ ಆಗಲ್ಲ" ಅನ್ನೋ ಅರ್ಥದ ಮಾತುಗಳನ್ನು ವಾರವಾರ ಆಡಿಸಿದರು. ಆದರೆ ಬಹುಪಾಲು ಜನರ ತಕರಾರು ಬೇರೆ ಇತ್ತು: "ನಿನ್ನೆವರೆಗೂ ಎಲ್ಲರ ಹತ್ರ ಸೋಲ್ತಿದ್ದೆಯಲ್ಲ?" ಆ ಪ್ರಶ್ನೆಯನ್ನು ಕತೆ ಸರಿಯಾಗಿ ಮುಟ್ಟಲೇ ಇಲ್ಲ. ಕೆಲಸ ಹೋಗಿ ಮನೆಯಲ್ಲಿ ಕೂತವನು, ವಾಪಸ್ ಬಂದು ಚಾಂಪಿಯನ್ ಆದವನು: ಅಷ್ಟು ದೊಡ್ಡ ಕತೆ ಕೈಯಲ್ಲಿತ್ತು. ಅದನ್ನು ಬದಿಗಿಟ್ಟು ಪೇಟ, ಪಲ್ಲಕ್ಕಿಯ ಭಾರತವನ್ನು ಮಾರೋಕೆ ಹೋದರು. ಭಾರತದವನು ಅಂದ ಮಾತ್ರಕ್ಕೆ ನಾವು ಕೈ ತಟ್ಟುತ್ತೇವೆ ಅನ್ನೋ ಲೆಕ್ಕಾಚಾರ ಬೇರೆ. ಅಲ್ಲಾ ಸ್ವಾಮಿ, ಟ್ರಂಪ್ ಕಾರ್ಡಿನಲ್ಲಿ ನಾವು ಯಾವತ್ತಾದರೂ ಪಾಸ್‌ಪೋರ್ಟ್ ನೋಡಿದ್ದೀವಾ? 170 ದಿನದ ನಂತರ ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್ ಬೆಲ್ಟ್ ಕಿತ್ತುಕೊಂಡ. ಡಿಸೆಂಬರ್‌ನಲ್ಲಿ ದೆಹಲಿಯ ಶೋಗೆ ಮಹಾರಾಜ ಬರಿಗೈಯಲ್ಲಿ ಬಂದ, ಟ್ರಿಪಲ್ ಎಚ್ ಕೈಲಿ ಸೋತ.

ಅದೇ ತ್ರೀ ಎಂಬಿಯ ಡ್ರೂ ಮ್ಯಾಕಿಂಟೈರ್‌ನನ್ನು ನೋಡಿ. ಅವನ ಕೆಲಸವೂ 2014ರಲ್ಲೇ ಹೋಗಿತ್ತು. ಅವನು ಎಲ್ಲಿ ಹೋದರೂ ಕೆಲಸ ಕಳೆದುಕೊಂಡ ಕತೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಿದ. 2020ರಲ್ಲಿ ಲೆಸ್ನರ್‌ನನ್ನು ಸೋಲಿಸಿದಾಗ ಕೊರೊನಾದಿಂದ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಆದರೂ ಅದು ಸುಳ್ಳು ಅನ್ನಿಸಲಿಲ್ಲ.

ಕೋಫಿ ಕಿಂಗ್‌ಸ್ಟನ್ ವಿಷಯದಲ್ಲಂತೂ ಕಂಪನಿಗೇ ಯಾವ ಪ್ಲಾನೂ ಇದ್ದಂತಿರಲಿಲ್ಲ. 2019ರ ಫೆಬ್ರವರಿಯಲ್ಲಿ ಮುಸ್ತಫಾ ಅಲಿಗೆ ಗಾಯವಾಯ್ತು, ಅವನ ಬದಲಿಗೆ ಕೋಫಿಯನ್ನು ಹಾಕಿದರು. ಹನ್ನೊಂದು ವರ್ಷ ಎಲ್ಲರನ್ನೂ ನಗಿಸಿಕೊಂಡು ಇದ್ದವನು ಒಂದು ಗಂಟೆ ಬಿಡದೆ ಕಾದಾಡಿದಾಗ ಜನಕ್ಕೆ ತಟ್ಟನೆ ಲೆಕ್ಕ ಹೊಳೆಯಿತು: ಇವನಿಗೆ ಇಷ್ಟು ವರ್ಷ ಯಾಕೆ ಕೊಟ್ಟಿಲ್ಲ? ಕಂಪನಿ ಈ ಸಲ ಆ ಪ್ರಶ್ನೆಯನ್ನೇ ಕತೆ ಮಾಡಿತು. ಒಂದೇ ರಾತ್ರಿ ಐದು ಜನರನ್ನು ಸೋಲಿಸಿದರೆ, ವಿನ್ಸ್ ಮೆಕ್‌ಮಹೊನ್ ಬಂದು "ಇನ್ನೊಬ್ಬ ಬಾಕಿ" ಅಂದು ಆರನೆಯವನನ್ನು ಕಳಿಸಿದ. ಅಪ್ರೈಸಲ್ ಮೀಟಿಂಗಿನಲ್ಲಿ ಕೂತವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಏಪ್ರಿಲ್ 7ರಂದು, ಘಾನಾದಲ್ಲಿ ಹುಟ್ಟಿದ ಕೋಫಿ, ಆಫ್ರಿಕಾದಲ್ಲಿ ಜನಿಸಿದ ಮೊದಲ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ರಿಂಗಿನಲ್ಲಿ ಮಕ್ಕಳನ್ನು ತಬ್ಬಿಕೊಂಡ.

ಅಕ್ಟೋಬರ್ 4ರಂದು ಸ್ಮ್ಯಾಕ್‌ಡೌನ್ ಹೊಸ ಚಾನೆಲ್‌ಗೆ ಹೋಯ್ತು. ಆ ರಾತ್ರಿ ಲೆಸ್ನರ್ ಬಂದು ಹತ್ತು ಸೆಕೆಂಡಿನೊಳಗೆ ಬೆಲ್ಟ್ ತಗೊಂಡು ಹೋದ. ಕೋಫಿಗೆ ಒಂದೇಟು ತಿರುಗಿ ಹೊಡೆಯುವ ಅವಕಾಶವನ್ನೂ ಬರೆದಿರಲಿಲ್ಲ. ಸೋತಿದ್ದಕ್ಕೆ ಯಾರಿಗೂ ಬೇಜಾರಿಲ್ಲ, ಬೆಲ್ಟ್ ಅಂದಮೇಲೆ ಕೈ ಬದಲಾಗುತ್ತೆ. ಹನ್ನೊಂದು ವರ್ಷ ಕಾದು ಗಳಿಸಿದ್ದನ್ನು ಏನೂ ಅಲ್ಲ ಅನ್ನೋ ಹಾಗೆ ಒರೆಸಿ ಹಾಕಿದ್ದಕ್ಕೆ ಬೇಜಾರು.

ಯಾರು "ರೆಡಿ" ಅನ್ನೋದನ್ನು ಮೇಲಿನವರು ಮೊದಲೇ ಬಲ್ಲೆವು ಅಂತಾರೆ. ಈ ನಾಲ್ಕೈದು ಜನರ ಕತೆ ನೋಡಿದರೆ, ಜಾಗ ಕೊಡುವವರೆಗೂ ಅದು ಯಾರಿಗೂ ಗೊತ್ತಿರಲ್ಲ ಅನ್ನೋದು ಸ್ಪಷ್ಟ. ಗಾಯ, ರಾಜೀನಾಮೆ, ಖಾಲಿಯಾದ ಕುರ್ಚಿ, ಇವೇ ಬಾಗಿಲು ತೆಗೆದಿದ್ದು. ಒಳಗೆ ಹೋದ ಮೇಲೆ ಉಳಿದವರು, ತಾವು ಎಲ್ಲಿಂದ ಬಂದೆವು ಅನ್ನೋದನ್ನು ಜನ ಮರೆಯದ ಹಾಗೆ ನೋಡಿಕೊಂಡವರು. ಮರೆಸೋಕೆ ಹೋದ ಕಡೆಯೆಲ್ಲ, ಅದನ್ನು ಮಾಡಿದ್ದು ಕಂಪನಿ. ದಂಡ ತೆತ್ತಿದ್ದು ರಿಂಗಿನೊಳಗಿದ್ದವನು.