ಶುಭಂ ಯಾರ ಪಾಲಿಗೆ?

ಸಿನಿಮಾದ ಮಾತು ಬಂದಾಗಲೆಲ್ಲ ನಮ್ಮ ದಲಿತ ವಿಮರ್ಶೆ ಹೋಗಿ ನಿಲ್ಲುವುದು ‘ಸಂಸ್ಕಾರ’ದ (1970) ಮುಂದೆ, ಇಲ್ಲವೆ ‘ಚೋಮನ ದುಡಿ’ಯ (1975) ಮುಂದೆ. ಚೋಮನಿಗೆ ಭೂಮಿ ಸಿಗಲಿಲ್ಲ, ದುಡಿ ಬಾರಿಸುತ್ತಲೇ ಸತ್ತ. ಆ ಸಾವನ್ನು ನಾವು ಬಗೆಬಗೆಯಾಗಿ ಓದಿದ್ದೇವೆ. ಅದು ಬೇಕಾದ ಓದೇ. ಆದರೆ ಸಿರುಗುಪ್ಪ, ಕುರುಗೋಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ನೋಡುವ ಸಿನಿಮಾ ಇವಲ್ಲ. ಅವರು ನೋಡುವುದು ನಗಿಸುತ್ತಾ ಪ್ರೀತಿ ಹುಟ್ಟಿಸಿ, ಕೊನೆಗೆ ಮದುವೆ ಮಾಡಿಸಿ ಕಳಿಸುವ ಪಿಚ್ಚರುಗಳನ್ನು. ಕನ್ನಡದ್ದೂ ಸೈ, ತೆಲುಗಿನದ್ದೂ ಸೈ. ಗಡಿಯ ಊರಿಗೆ ಇದರಲ್ಲಿ ವಿಶೇಷವೇನಿಲ್ಲ. ‘ಇದು ನೋಡಬಹುದೇನ್ರಿ ಸಾರ್, ಬಿಡಬಹುದೇನ್ರಿ?’ ಎಂದು ಅವರು ಕೇಳುತ್ತಾರೆ. ‘ಅದೆಲ್ಲ ಕಮರ್ಷಿಯಲ್ ಕಸ’ ಎಂದು ಕೈತೊಳೆದುಕೊಂಡರೆ ವಿಮರ್ಶಕನ ಕೆಲಸ ಮುಗಿಯುವುದಿಲ್ಲ. ಆ ಪ್ರಶ್ನೆಗೆ ನೇರ ಉತ್ತರ ಕೊಡಬೇಕು.

ಪ್ರೇಮಹಾಸ್ಯ ಎನ್ನುವ ಈ ಪ್ರಕಾರಕ್ಕೆ ಒಂದು ಕಟ್ಟು ಇದೆ. ಇಬ್ಬರು ಸೇರುತ್ತಾರೆ ಅನ್ನುವುದು ಮೊದಲೇ ಗೊತ್ತು. ನಡುವೆ ಒಂದು ಗೋಡೆ ಇರಬೇಕು, ಅದು ಬೀಳಬೇಕು, ಬೀಳುವಾಗ ನಗು ಬರಬೇಕು. ಹಳೆಯ ಚಿತ್ರಗಳಲ್ಲಾದರೆ ಕೊನೆಗೆ ತೆರೆಯ ಮೇಲೆ ‘ಶುಭಂ’ ಎಂದು ಬೀಳುತ್ತಿತ್ತು. ಹಾಗಾಗಿ ಈ ಚಿತ್ರಗಳನ್ನು ಅಳೆಯಲು ನನ್ನ ಹತ್ತಿರ ಇರುವುದು ಎರಡೇ ಪ್ರಶ್ನೆ. ಈ ಪ್ರೀತಿಗೆ ಅಡ್ಡ ನಿಂತಿರುವ ಗೋಡೆ ಯಾವುದು? ಅದನ್ನು ಕೆಡವಿದ ಮೇಲೆ ಬದುಕಿ ಉಳಿಯುವವರು ಯಾರು? ನಮ್ಮ ಸಮಾಜದಲ್ಲಿ ಮದುವೆಗೆ ಇರುವ ಅತಿ ದೊಡ್ಡ ಗೋಡೆ ಜಾತಿ. ನಮ್ಮ ಪ್ರೇಮಹಾಸ್ಯಗಳಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲ ಗೋಡೆಗಳೂ ಇವೆ.

ಮೊದಲನೆಯದು ಹೆಣ್ಣಿನ ‘ಸೊಕ್ಕು’. ಶೇಕ್ಸ್‌ಪಿಯರನ ಗಂಡುಬೀರಿಯನ್ನು ಪಳಗಿಸುವ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ತಂದರು. ‘ಬಹದ್ದೂರ್ ಗಂಡು’ (1976) ನಡೆದದ್ದು ಅದೇ ಜಾಡಿನಲ್ಲಿ, ‘ನಂಜುಂಡಿ ಕಲ್ಯಾಣ’ (1989) ಬಂದದ್ದೂ ಆ ನಾಟಕದಿಂದಲೇ. ಎರಡೂ ಜನ ಮೆಚ್ಚಿ ನೋಡಿದ ಚಿತ್ರಗಳು. ಇಲ್ಲಿ ಗೋಡೆ ಅಂದರೆ ಹುಡುಗಿಯ ಬಾಯಿ. ಅದನ್ನು ಮುಚ್ಚಿಸಿದರೆ ಸಂಸಾರ ಸುಖಮಯ. ಹೆಣ್ಣು ಬಗ್ಗಿದರೆ ಜಗತ್ತು ಸರಿಹೋಗುತ್ತದೆ ಅನ್ನುವ ಮಾತನ್ನು ಕೇರಿಯ ಹೆಣ್ಣುಮಕ್ಕಳಿಗೆ ಹೇಳಲು ಸಿನಿಮಾ ಬೇಕಾಗಿಲ್ಲ, ದಿನಾಲೂ ಹೇಳುವವರಿದ್ದಾರೆ. ‘ನಂಜುಂಡಿ ಕಲ್ಯಾಣ’ವನ್ನು ಮಾಲಾಶ್ರೀ ಅವರ ಗತ್ತಿಗಾಗಿ ಅರ್ಧ ನೋಡಿ ಎದ್ದು ಬಂದರೆ ನಷ್ಟವಿಲ್ಲ.

ಇದೇ ಸಾಲಿನ ‘ಸಂಪತ್ತಿಗೆ ಸವಾಲ್’ (1974) ಮಾತ್ರ ಬೇರೆ ಕಾರಣಕ್ಕೆ ನೋಡಬೇಕಾದ ಚಿತ್ರ. ಅದರ ಮೂಲ ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿ ಅವರ ನಾಟಕ. ಊರ ಶ್ರೀಮಂತರಿಗೆ ಎದುರು ನಿಂತು ಉತ್ತರ ಕೊಡುವ ಬಡ ಹುಡುಗ ಅಲ್ಲಿದ್ದಾನೆ. ಕಂಪನಿ ನಾಟಕದ ಮಾತಿನ ಖಾರ ಸಿನಿಮಾದಲ್ಲೂ ಉಳಿದಿದೆ. ಆದರೆ ‘ಬಡವ’ ಅನ್ನುವ ಪದದ ಕೆಲಸ ನೋಡಿರಿ. ನಮ್ಮ ಜನಪ್ರಿಯ ಸಿನಿಮಾ ಜಾತಿ ಅನ್ನಬೇಕಾದ ಕಡೆಯಲ್ಲೆಲ್ಲ ಬಡತನ ಅಂದಿದೆ. ಬಡವ ದುಡಿದು ಗೆದ್ದು ಸಾಹುಕಾರನ ಅಳಿಯನಾಗಬಹುದು. ಅದಕ್ಕೆ ಹಾದಿ ಇದೆ. ಮಾದಿಗರ ಹುಡುಗ ಎಷ್ಟು ದುಡಿದರೆ ಗೌಡರ ಅಳಿಯನಾದಾನು? ಆ ಲೆಕ್ಕ ಯಾವ ಚಿತ್ರದಲ್ಲೂ ಇಲ್ಲ.

ಎರಡನೆಯದು ನಿಜವಾದ ಗೋಡೆಯೇ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಕನ್ನಡದ ಅತ್ಯುತ್ತಮ ಪ್ರೇಮಹಾಸ್ಯಗಳಲ್ಲೊಂದು ಅನ್ನಲು ನನಗೆ ಸಂಕೋಚವಿಲ್ಲ. ಒಂದೇ ವಠಾರದ ಗಣೇಶನಿಗೂ ಆದಿಲಕ್ಷ್ಮಿಗೂ ಹಾವು ಮುಂಗುಸಿ ಜಗಳ. ಆದರೆ ಬೇರೆ ಹೆಸರಿನಲ್ಲಿ ಹಾಡುವ ಅವಳ ದನಿಗೇ ಅವನು ಮನಸೋತಿದ್ದಾನೆ, ಅದು ಅವಳದ್ದು ಅಂತ ಗೊತ್ತಿಲ್ಲದೆ. ಅನಂತನಾಗ್, ವಿನಯಾಪ್ರಸಾದ್, ವಠಾರದ ಮಾಲೀಕನಾಗಿ ಮುಖ್ಯಮಂತ್ರಿ ಚಂದ್ರು. ಎಲ್ಲೂ ಅಶ್ಲೀಲವಿಲ್ಲ, ಯಾರನ್ನೂ ತುಳಿದು ಹುಟ್ಟಿಸಿದ ನಗುವಲ್ಲ. ಖಂಡಿತ ನೋಡಿರಿ.

ನೋಡುವಾಗ ಒಂದು ಮಾತು ನೆನಪಿರಲಿ. ಈ ಪ್ರೀತಿ ಹುಟ್ಟಬೇಕಾದರೆ ಮೊದಲು ಇಬ್ಬರಿಗೂ ಆ ವಠಾರದಲ್ಲಿ ಮನೆ ಸಿಕ್ಕಿರಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಳ್ಳಾರಿಯಲ್ಲಿ ಬಾಡಿಗೆ ಮನೆ ಹುಡುಕಿದವನು. ‘ಮೇಷ್ಟ್ರು’ ಅಂದಾಗ ಬಾಗಿಲು ತೆರೆಯುತ್ತಿತ್ತು. ‘ನೀವು ಯಾರ ಪೈಕಿ?’ ಅನ್ನುವ ಪ್ರಶ್ನೆ ಕಾಫಿಗಿಂತ ಮೊದಲು ಬರುತ್ತಿತ್ತು. ಉತ್ತರ ಕೇಳಿದ ಮೇಲೆ, ‘ಮೊನ್ನೇನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋಗ್ಯಾರ್ರಿ’. ಹೀಗೆ ಬಾಗಿಲಲ್ಲೇ ತಿರುಗಿ ಬಂದವನಿಗೆ ಪಕ್ಕದ ಮನೆಯ ಹುಡುಗಿಯ ಜೊತೆ ಜಗಳವಾಡುವ ಭಾಗ್ಯ ಎಲ್ಲಿಂದ ಬರಬೇಕು? ವಠಾರದ ಹಾಸ್ಯ ಒಳಗೆ ಬಂದವರ ಹಾಸ್ಯ. ಮಾಲೀಕ ಯಾರಿಗೆ ಮನೆ ಕೊಡಲಿಲ್ಲ ಅನ್ನುವ ಕಥೆ ಇನ್ನೂ ಸಿನಿಮಾ ಆಗಿಲ್ಲ. ಆದರೆ ಅದೂ ಒಳ್ಳೆಯ ಹಾಸ್ಯವೇ ಆದೀತು.

ಮೂರನೆಯದು ಹಿರಿಯರ ಮಾತು. ‘ಮುಂಗಾರು ಮಳೆ’ (2006) ಬಂದ ಮೇಲೆ ಕನ್ನಡದ ಪ್ರೀತಿಯ ಭಾಷೆಯೇ ಬದಲಾಯಿತು. ಗಣೇಶ್ ಅವರ ಹರಟೆ, ಯೋಗರಾಜ ಭಟ್ಟರ ಮಾತಿನ ಓಟ, ಕೊಡಗಿನ ಮಳೆ. ಪ್ರೀತಮ್‌ಗೂ ನಂದಿನಿಗೂ ನಡುವೆ ಇರುವುದು ಗೊತ್ತಾಗಿಹೋದ ಮದುವೆ. ಹುಡುಗ ತ್ಯಾಗ ಮಾಡುತ್ತಾನೆ, ಪ್ರೇಕ್ಷಕ ಕಣ್ಣೊರೆಸಿಕೊಳ್ಳುತ್ತಾನೆ. ತ್ಯಾಗ ಚೆಂದವೇ. ಆದರೆ ಬಿಟ್ಟುಕೊಡುವುದಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಬೆಂಗಳೂರಿನ ಸಿರಿವಂತರ ಮಗ ಹಿರಿಯರ ಮರ್ಯಾದೆಗಾಗಿ ಹಿಂದೆ ಸರಿದರೆ ಅದು ಔದಾರ್ಯ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರ ಮಗ ಸರಿದರೆ ಅದನ್ನು ಔದಾರ್ಯ ಅನ್ನುವವರಿಲ್ಲ, ‘ಬುದ್ಧಿ ಬಂತು’ ಅನ್ನುತ್ತಾರೆ. ಈ ಚಿತ್ರವನ್ನು ಒಮ್ಮೆ ನೋಡಬಹುದು. ಅದರ ನೆರಳಲ್ಲಿ ಹುಟ್ಟಿದ ಮಳೆ, ಮಂಜು, ಮಡಿಕೇರಿಗಳನ್ನು ಬಿಟ್ಟರೆ ಟಿಕೆಟ್ಟಿನ ಹಣ ಉಳಿಯುತ್ತದೆ.

‘ಒಂದು ಮೊಟ್ಟೆಯ ಕಥೆ’ಯನ್ನು (2017) ಬಿಡಬೇಡಿರಿ. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ಅಭಿನಯಿಸಿದ ಮಂಗಳೂರಿನ ಕಥೆ ಇದು. ತಲೆಯಲ್ಲಿ ಕೂದಲಿಲ್ಲದ ಕನ್ನಡ ಉಪನ್ಯಾಸಕನಿಗೆ ಹೆಣ್ಣು ಸಿಗುತ್ತಿಲ್ಲ. ಇಲ್ಲಿಯ ಗೋಡೆ ನೋಡುವವರ ಕಣ್ಣಿನಲ್ಲಿದೆ. ಅವಮಾನ ತಿಂದವನು ತನ್ನ ಅವಮಾನವನ್ನು ತಾನೇ ಹೇಳಿಕೊಂಡು ನಗುತ್ತಾನೆ. ಅಷ್ಟಕ್ಕೇ ನಿಲ್ಲದೆ ತಾನೂ ಇನ್ನೊಬ್ಬಳನ್ನು ಅದೇ ಕಣ್ಣಿನಿಂದ ನೋಡಿದ್ದನ್ನು ಕಾಣುತ್ತಾನೆ. ಬೋಳುತಲೆಯ ನಾಚಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಬಲ್ಲ ಕನ್ನಡ ಸಿನಿಮಾಕ್ಕೆ ಜಾತಿಯ ನಾಚಿಕೆಯನ್ನು ಹೇಳುವ ಕಸುಬು ಗೊತ್ತಿಲ್ಲ ಅನ್ನುವಂತಿಲ್ಲ. ಕಸುಬು ಇದೆ, ಮನಸ್ಸು ಬೇಕು.

ಹಾಗಾದರೆ ಜಾತಿಯನ್ನೇ ಗೋಡೆಯಾಗಿ ನಿಲ್ಲಿಸಿದರೆ ಈ ಪ್ರಕಾರ ಏನಾಗುತ್ತದೆ? ಅದಕ್ಕೆ ಉತ್ತರ ನಾಗರಾಜ ಮಂಜುಳೆ ಅವರ ಮರಾಠಿಯ ‘ಸೈರಾಟ್’ (2016). ನಮ್ಮ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಊರು. ಮೀನುಗಾರರ ಹುಡುಗ ಪರ್ಶ್ಯಾ, ಪಾಟೀಲರ ಮಗಳು ಆರ್ಚಿ. ಅದರ ಮೊದಲರ್ಧದಷ್ಟು ಹಸನಾದ ಪ್ರೇಮಹಾಸ್ಯವನ್ನು ನಾನು ಯಾವ ಭಾಷೆಯಲ್ಲೂ ನೋಡಿಲ್ಲ. ಗೆಳೆಯರ ಕೀಟಲೆ, ಬುಲೆಟ್ ಓಡಿಸುವ ಹುಡುಗಿ, ಕುಣಿಸುವ ಹಾಡು. ಆ ನಗುವಿನ ನಡುವೆಯೇ ಪಾಠ ಮಾಡುವ ಮೇಷ್ಟ್ರ ಕೆನ್ನೆಗೆ ಪಾಟೀಲರ ಮಗನ ಏಟು ಬೀಳುತ್ತದೆ. ಆ ಏಟಿನಲ್ಲೇ ಮುಂದಿನ ಕಥೆ ಇದೆ. ಕೊನೆಯ ದೃಶ್ಯಕ್ಕೆ ದನಿಯೇ ಇಲ್ಲ, ಒಂದು ಮಗುವಿನ ರಕ್ತದ ಹೆಜ್ಜೆಗಳಷ್ಟೇ. ಜಾತಿಯ ನಾಡಿನಲ್ಲಿ ಪ್ರೇಮಹಾಸ್ಯವನ್ನು ಪ್ರಾಮಾಣಿಕವಾಗಿ ಮುಂದುವರಿಸಿದರೆ ಅದು ಕೊಲೆಯಲ್ಲಿ ಮುಗಿಯುತ್ತದೆ ಎಂದು ಮಂಜುಳೆ ತೋರಿಸಿದರು. ಇದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ (2017) ಆಯಿತು, ಹಿಂದಿಯಲ್ಲಿ ‘ಧಡಕ್’ (2018) ಆಯಿತು. ಹಿಂದಿಗೆ ಹೋಗುವಷ್ಟರಲ್ಲಿ ಜಾತಿ ಹೆಚ್ಚುಕಡಿಮೆ ತೊಳೆದುಹೋಗಿತ್ತು. ಮೂಲವನ್ನೇ ನೋಡಿರಿ.

ಇಲ್ಲಿ ನನಗೊಂದು ತಕರಾರು ಇದೆ. ‘ಸೈರಾಟ್’ ಸುಳ್ಳು ಹೇಳಿಲ್ಲ. 2022ರಲ್ಲಿ ನಮ್ಮ ಜಿಲ್ಲೆಯಲ್ಲೇ, ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದ ಮಗಳನ್ನು ತಂದೆಯೇ ಕೊಂದ ಆರೋಪದ ಪ್ರಕರಣ ಪತ್ರಿಕೆಗಳಲ್ಲಿ ಬಂತು. ಸಿನಿಮಾ ತೋರಿಸುತ್ತೇನೆ ಎಂದು ಮನೆಯಿಂದ ಕರೆದುಕೊಂಡು ಹೋಗಿದ್ದನೆಂದು ವರದಿಯಾಗಿತ್ತು. ಇಂಥ ಊರಿನಲ್ಲಿ ಕೂತು ಸಿನಿಮಾದ ಬಗ್ಗೆ ಬರೆಯುವವನ ಕೈ ತುಸು ನಡುಗುವುದು ಸಹಜ. ಆದರೂ ಕೇಳುತ್ತೇನೆ: ನಮ್ಮ ಪ್ರೀತಿಗೆ ತೆರೆಯ ಮೇಲೆ ಸಾವೊಂದೇ ಮುಕ್ತಾಯವೇ? ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು, ಬೀಗರಿಗೆ ಎಳೆಹೂಟೆ ಶಿಕ್ಷೆಯಾಯಿತು. ದೇವನೂರರ ‘ಕುಸುಮಬಾಲೆ’ಯಲ್ಲಿ ಚೆನ್ನ ಕೊಲೆಯಾದ. ಈ ಸಾವುಗಳನ್ನು ಮರೆಯಬಾರದು. ಆದರೆ ಎಲ್ಲರೂ ಸಾಯುವ ಕಥೆಯನ್ನೇ ಹೇಳುತ್ತಿದ್ದರೆ ಮೇಲ್ಜಾತಿಯವರಿಗೆ ಶುಭಂ, ನಮಗೆ ಶೋಕ ಎಂಬ ಹಂಚಿಕೆ ಕಾಯಂ ಆಗುತ್ತದೆ. ಹೆದರಿಸುವವರಿಗೂ ಅದೇ ಬೇಕು.

ಬದುಕಿ ಉಳಿಯುವ ಜೋಡಿಗಳು ಈಚೆಗೆ ಪಕ್ಕದ ಭಾಷೆಗಳಲ್ಲಿ ಕಾಣುತ್ತಿದ್ದಾರೆ. ಶೇಖರ್ ಕಮ್ಮುಲ ಅವರ ತೆಲುಗಿನ ‘ಲವ್ ಸ್ಟೋರಿ’ಯ (2021) ನಾಯಕ ರೇವಂತ್ ದಲಿತ ಕ್ರೈಸ್ತ, ಹೈದರಾಬಾದಿನಲ್ಲಿ ಜುಂಬಾ ಕಲಿಸುವವನು. ಅವನ ಜಾತಿ ಕಥೆಯ ಬೆನ್ನುಮೂಳೆ, ಆದರೂ ಅವನು ಕುಣಿಯುತ್ತಾನೆ, ನಗುತ್ತಾನೆ, ಕೊನೆಗೆ ಬದುಕುತ್ತಾನೆ. ಪಾ. ರಂಜಿತ್ ಅವರ ತಮಿಳಿನ ‘ನಚ್ಚತ್ತಿರಂ ನಗರ್ಗಿರದು’ (2022) ಇನ್ನೂ ಒಂದು ಹೆಜ್ಜೆ ಮುಂದೆ. ಇಂಥ ಕಥೆಗಳಲ್ಲೆಲ್ಲ ಹುಡುಗ ಕೆಳಜಾತಿ, ಹುಡುಗಿ ಮೇಲ್ಜಾತಿ. ದಲಿತ ಹುಡುಗಿ ಎಲ್ಲಿ? ಈ ಚಿತ್ರದ ರೆನೆ ಆ ಪ್ರಶ್ನೆಗೆ ಉತ್ತರ. ಅಂಬೇಡ್ಕರ್ ಓದಿದವಳು, ಪ್ರೀತಿಸಿದವನ ಬಾಯಲ್ಲಿ ಜಾತಿ ಇಣುಕಿದ ಕ್ಷಣವೇ ಜಗಳಕ್ಕೆ ನಿಲ್ಲುವವಳು, ತನ್ನ ಷರತ್ತಿನ ಮೇಲೆ ಪ್ರೀತಿಸುವವಳು. ಬಸವಿ ಬಿಡುವ ಪದ್ಧತಿ ಕಂಡ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದೇ ಮದುವೆಯ ಹಕ್ಕನ್ನು ದೇವರ ಹೆಸರಲ್ಲಿ ಕಸಿದುಕೊಂಡದ್ದಕ್ಕೆ. ಬಯಲಾಟದಲ್ಲಿ ರಾತ್ರಿಯಿಡೀ ಪಟ್ಟದ ರಾಣಿಯಾಗಿ ಕುಣಿದ ಅಂಥ ಎಷ್ಟೋ ಹೆಣ್ಣುಮಕ್ಕಳಿಗೆ ಬೆಳಗಾದರೆ ಗಂಡನೆಂಬ ಹೆಸರಿರಲಿಲ್ಲ. ಅವರ ಮೊಮ್ಮಗಳು ನಾಯಕಿಯಾಗಿ ನಗುವ ಒಂದು ಕನ್ನಡ ಸಿನಿಮಾ ನಮಗೆ ಬಾಕಿ ಇದೆ.

ನಗು ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ನಮ್ಮ ಕಡೆಯ ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಬೈದಾಡಿ, ಸರಸವಾಡಿ ದೇವರ ಕಥೆಯನ್ನೇ ತಮ್ಮದು ಮಾಡಿಕೊಳ್ಳುತ್ತಾರೆ. ಅದು ಕಪ್ಪು ಮೈಯ ಜೋಡಿ, ಕೆಳಗಿನವರ ಜೋಡಿ. ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಕೂತು ಕಡಲೆಕಾಯಿ ತಿನ್ನುವ ರಾತ್ರಿಯಲ್ಲಿ ಹಸಿವಿನಷ್ಟೇ ನಗುವೂ ಇದೆ. ಸಿದ್ದಲಿಂಗಯ್ಯನವರ ‘ಊರುಕೇರಿ’ಯನ್ನು ನಗದೆ ಓದಿದವರುಂಟೆ? ಸಿನಿಮಾಕ್ಕೆ ಬರುವಾಗ ಮಾತ್ರ ಈ ಜೋಡಿ ಮನೆಗೆಲಸದವರಾಗಿ ಬಂತು. ನಾಯಕ ನಾಯಕಿಯರ ಪ್ರೀತಿಗೆ ಹಾಡು, ಆಳು ಕೆಲಸದಾಕೆಯರ ಪ್ರೀತಿಗೆ ಪೊರಕೆ ಏಟು. ಅವರು ನಗಿಸಿದ್ದು ನಿಜ, ಆದರೆ ಆ ಸಿನಿಮಾ ಅವರದಾಗಿರಲಿಲ್ಲ.

ಇನ್ನೊಂದು ವ್ಯವಹಾರದ ಮಾತು. ಈ ಚಿತ್ರಗಳಲ್ಲಿ ರಿಜಿಸ್ಟ್ರಾರ್ ಕಚೇರಿ ಅಂದರೆ ಒಂದು ತಮಾಷೆ: ಗೆಳೆಯರು ಓಡಿಬಂದು ಸಹಿ ಹಾಕುತ್ತಾರೆ, ಹಾರ ಬೀಳುತ್ತದೆ. ನಿಜದಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ನೋಟಿಸು ಕೊಟ್ಟು 30 ದಿನ ಕಾಯಬೇಕು; ಆ ನೋಟಿಸು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿರುತ್ತಾರೆ. ರೇವಂತನಂಥ ಕ್ರೈಸ್ತ ಹುಡುಗ ಹಿಂದೂ ಹುಡುಗಿಯನ್ನು, ಯಾರೂ ಧರ್ಮ ಬದಲಿಸದೆ, ಸರ್ಕಾರದ ಎದುರು ಮದುವೆಯಾಗಲು ಇದೊಂದು ದಾರಿ. ಜಾತಿ ಬೇರೆಯಾದ ಇಬ್ಬರು ಹಿಂದೂಗಳಿಗೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಕಾಯುವಿಕೆ ಇಲ್ಲ, ಆದರೆ ಮದುವೆಯ ಶಾಸ್ತ್ರ ನಡೆದಿರಬೇಕು. ಪಿಚ್ಚರ್ ನೋಡಿ ಓಡಿಹೋಗುವ ನಮ್ಮ ಮಕ್ಕಳಿಗೆ ಈ 30 ದಿನದ ಲೆಕ್ಕ ಯಾವ ನಿರ್ದೇಶಕನೂ ಹೇಳಿಕೊಟ್ಟಿಲ್ಲ.

ಅಂತರ್ಜಾತಿ ವಿವಾಹವೇ ಜಾತಿಗೆ ನಿಜವಾದ ಮದ್ದು ಎಂದು ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ (1936) ವಾದಿಸಿದರು. ಆ ಮದ್ದನ್ನು ಜನರ ಬಾಯಿಗೆ ಸಿಹಿಯಾಗಿ ಇಳಿಸಬಲ್ಲ ಪ್ರಕಾರವೆಂದರೆ ಪ್ರೇಮಹಾಸ್ಯವೇ. ಅದಕ್ಕೇ ಇದನ್ನು ಕಸವೆಂದು ಬಿಸಾಡಬಾರದು ಅನ್ನುತ್ತೇನೆ. ಹಾಸ್ಟೆಲಿನ ಗೆಳೆಯರು ಒಂದೇ ವಾರದಲ್ಲಿ ‘ಗಣೇಶನ ಮದುವೆ’ಯನ್ನೂ ‘ಸೈರಾಟ್’ನ್ನೂ ಜೊತೆಯಾಗಿ ನೋಡಲಿ. ಆಮೇಲೆ ಕೂತು, ಗಣೇಶ ಕುರುಗೋಡಿನ ಕೇರಿಯವನಾಗಿದ್ದರೆ ಕಥೆ ಎಲ್ಲಿ ನಿಲ್ಲುತ್ತಿತ್ತು, ಅದನ್ನು ಮುಂದಕ್ಕೆ ನಡೆಸಲು ಏನೇನು ಬೇಕಿತ್ತು ಎಂದು ಬರೆಯಲಿ. ಬರೆಯುವವರು ಹುಡುಗಿಯರಾದರೆ ಇನ್ನೂ ಚಲೋ.