ಮೀಟರ್ ಹೇಳದ ಮಾತು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಶೋ ಮೇಲೆ ಶೋ ಕಾಣ್ತಿರೋ ನಾಟಕ ಅಂದ್ರೆ ವಾಟರ್ ಪ್ಯೂರಿಫೈಯರ್ ಡೆಮೋ. ಎರಡು ಗ್ಲಾಸು, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಸ್ವಿಚ್ ಹಾಕ್ತಾರೆ. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ರಾಡಿ ಏಳುತ್ತೆ. ಆರ್‌ಒ ನೀರು ಹಾಗೇ ತಿಳಿಯಾಗಿರುತ್ತೆ. "ನೋಡಿ ಮೇಡಂ, ಮಕ್ಕಳಿಗೆ ಕುಡಿಸ್ತಿರೋದು ಇದನ್ನೇ!" ಅಲ್ಲಿಗೆ ಇಎಂಐ ಶುರು.

ಈ ನಾಟಕದ ಗುಟ್ಟು ಇಷ್ಟೇ. ಆ ರಾಡಿ ಬಂದದ್ದು ನೀರಿನಿಂದ ಅಲ್ಲ, ಕಡ್ಡಿಯಿಂದ. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಲ್ಲಿ ಕರಗಿದ ಲವಣ ಇದ್ರೆ ಕರೆಂಟು ಹರಿಯುತ್ತೆ, ಕಬ್ಬಿಣ ಸವೆದು ತುಕ್ಕಿನ ಹಾಗೆ ಉದುರುತ್ತೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಕರೆಂಟು ಹರಿಯಲ್ಲ. ಅದಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಅದೂ ಕಂದಾಗುತ್ತೆ.

ಇದರ ಎರಡನೇ ಅಂಕ ಟಿಡಿಎಸ್ ಮೀಟರ್. ಪೆನ್ನಿನ ಹಾಗಿರೋ ಈ ಮೀಟರ್ ಕೂಡ ಅಳೆಯೋದು ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನೇ. ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತೆ, ಯಾವ ಲವಣ ಅಂತ ಗೊತ್ತಾಗಲ್ಲ. ಬ್ಯಾಕ್ಟೀರಿಯಾ ಅಂತೂ ಅದರ ಕಣ್ಣಿಗೇ ಬೀಳಲ್ಲ. ಎಳನೀರಿಗೆ ಅದ್ದಿದ್ರೆ ಸಾವಿರಗಳ ಲೆಕ್ಕದಲ್ಲಿ ತೋರಿಸುತ್ತೆ. ಹಾಗಂತ ಎಳನೀರು ಕುಡಿಯೋದು ಬಿಡ್ತೀವಾ? 50 ತೋರಿಸಿದ ನೀರಲ್ಲಿ ಭೇದಿ ತರೋ ಕ್ರಿಮಿ ಇರಬಹುದು, 400 ತೋರಿಸಿದ ನೀರು ಕುಡಿಯೋಕೆ ಚೆನ್ನಾಗೇ ಇರಬಹುದು.

ಗಡಸು ನೀರಿನ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ. ಬೋರ್‌ವೆಲ್ ನೀರನ್ನೇ ನಂಬಿರೋ ಬಡಾವಣೆಗಳವರನ್ನ ಕೇಳಿ. ಗೀಸರ್ ಕಾಯಿಲ್ ಮೇಲೆ ಸುಣ್ಣದ ಪೊರೆ, ಷವರ್ ತೂತುಗಳೆಲ್ಲ ಬಂದ್, ಸೋಪು ನೊರೆ ಬರಲ್ಲ, ಕುಕ್ಕರ್ ಎಷ್ಟು ಕೂಗಿದ್ರೂ ಬೇಳೆ ಬೇಯಲ್ಲ. ಇದೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾಡೋ ಕೆಲಸ. ಸಿಹಿ ನೀರು ಅಡುಗೆಗೆ, ಉಪ್ಪು ನೀರು ಬಳಸೋಕೆ ಅಂತ ನಮ್ಮ ಅಜ್ಜಿಯರು ಕೊಡಗಳನ್ನೇ ಬೇರೆ ಇಡ್ತಿದ್ರು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೂ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಅಂತ ಗಡಸುತನಕ್ಕೆ ಮಿತಿಯನ್ನೇ ಇಟ್ಟಿಲ್ಲ. ಅಂದ್ರೆ ಇದು ಬಹುಪಾಲು ಗೀಸರಿನ, ಸೋಪಿನ ಸಮಸ್ಯೆ. ಅದಕ್ಕೆ ಸಾಫ್ಟ್‌ನರ್ ಇದೆ. ಸಾಫ್ಟ್‌ನರ್ ಹಾಕಿಸಿದ ಮೇಲೂ ಟಿಡಿಎಸ್ ಇಳಿದಿಲ್ಲ ಅಂತ ಜಗಳಕ್ಕೆ ಹೋಗ್ಬೇಡಿ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತೆ ಅಷ್ಟೇ, ಒಟ್ಟು ಲೆಕ್ಕ ಹೆಚ್ಚುಕಮ್ಮಿ ಅದೇ ಇರುತ್ತೆ.

ಇನ್ನು ಕಾವೇರಿ ನೀರು. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಪಂಪ್ ಮಾಡಿ ತರ್ತಾರೆ. ಇದರ ಟಿಡಿಎಸ್ ಮಾನಕದ 500ಕ್ಕಿಂತ ಸಾಕಷ್ಟು ಕೆಳಗೇ ಇರುತ್ತೆ. ಇಷ್ಟು ಕರೆಂಟು ಸುಟ್ಟು ತಂದ ನೀರನ್ನ ಆರ್‌ಒಗೆ ಹಾಕಿದ್ರೆ, ಒಂದು ಲೀಟರ್ ಕುಡಿಯೋಕೆ ಸಿಗೋಷ್ಟರಲ್ಲಿ ಎರಡು ಮೂರು ಲೀಟರ್ ಪೈಪಿನಿಂದ ಸಿಂಕಿಗೆ ಹೋಗುತ್ತೆ. 500ಕ್ಕಿಂತ ಕಡಿಮೆ ಇರೋ ಕಡೆ ಆರ್‌ಒ ನಿಷೇಧಿಸಿ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕೋಲಾರದಲ್ಲೋ ಪಾವಗಡದಲ್ಲೋ, ಬೋರ್ ನೀರಲ್ಲಿ ಫ್ಲೋರೈಡ್ ಇರೋ ಊರುಗಳಲ್ಲಿ, ಆರ್‌ಒ ಬೇಕೇ ಬೇಕು, ತಕರಾರಿಲ್ಲ. ಕಾವೇರಿ ನೀರಷ್ಟೇ ಬರೋ ಮನೆಗೆ ಯಾಕೆ?

"ನಮ್ಮ ನಲ್ಲೀಲಿ ಬರ್ತಿರೋದು ಕಾವೇರಿನಾ ಬೋರಾ ಅಂತ ನಮಗೇನು ಗೊತ್ತು" ಅಂತೀರಾ? ಕೇಳಬೇಕಾದ ಪ್ರಶ್ನೆ ಅದೇ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತೆ. ಇವತ್ತಿನ ನೀರು ನಾಳೆ ಇರಲ್ಲ. ದಿನ ಬಿಟ್ಟು ದಿನ ನೀರು ಬಿಟ್ಟಾಗ ಖಾಲಿ ಪೈಪಿನ ಬಿರುಕಿಂದ ಪಕ್ಕದ ಒಳಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತೆ. ನಗರದ ನೀರಿನ ದೊಡ್ಡ ಅಪಾಯ ಇದು. ಅದಕ್ಕೇ ಕೊನೆಯ ನಲ್ಲೀಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರ್ ನೀರಲ್ಲಿ ಒಂದೂ ಇ-ಕೋಲಿ ಸಿಗಬಾರದು ಅಂತ ಮಾನಕ ಹೇಳೋದು. ಪೆನ್ ಮೀಟರ್ ಇದ್ಯಾವುದನ್ನೂ ಹೇಳಲ್ಲ. ಮನೆಮಟ್ಟಿಗೆ ಕ್ರಿಮಿಗಳನ್ನ ಕೊಲ್ಲೋಕೆ ಯುವಿ ಸಾಕು, ಇಲ್ಲಾ ಚೆನ್ನಾಗಿ ಕುದಿಸಿದ್ರೂ ಆಯ್ತು.

ನನ್ನ ನಿಜವಾದ ತಕರಾರು ಮೆಷಿನ್ ಮೇಲಲ್ಲ, ಅದು ಕೊಡೋ ನೆಮ್ಮದಿ ಮೇಲೆ. ಅಡುಗೆಮನೇಲಿ ಮೆಷಿನ್ ಬಂದ ದಿನದಿಂದ ನಾವು ಜಲಮಂಡಳಿಯನ್ನ ಏನೂ ಕೇಳಲ್ಲ. ತಿಂಗಳ ಬಿಲ್ಲಲ್ಲಿ ಎಷ್ಟು ನೀರು ಅಂತ ಇರುತ್ತೆ, ಎಂಥ ನೀರು ಅಂತ ಇರಲ್ಲ. ನಮಗೆ ಬೇಕಾಗೂ ಇಲ್ಲ. ದೂರು ಕೊಟ್ಟು, ಟ್ವೀಟ್ ಮಾಡಿ, ಇಂಜಿನಿಯರನ್ನ ಕರೆಸೋ ತಾಕತ್ತಿರೋರು ಸುಮ್ಮನಾದ್ರೆ ಅದೇ ಪೈಪಿನ ನೀರು ಹಾಗೇ ಕುಡಿಯೋರ ಗತಿ? ಹಿಂದಿನ ಬೀದಿಯ ವಠಾರದವರು, ನಮ್ಮ ಗೇಟಿನ ಸೆಕ್ಯೂರಿಟಿ, ಎದುರಿನ ಸೈಟಿನ ಕಟ್ಟಡ ಕೆಲಸದವರು?

ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಕಾರ್ ಪಾರ್ಕಿಂಗ್ ಜಗಳ ಮುಗಿದ ಮೇಲೆ ಒಂದು ಮಾತು ಎತ್ತಿ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ, ಸಂಪಿನ ನೀರನ್ನೂ ಕೊನೆಯ ನಲ್ಲಿಯ ನೀರನ್ನೂ ಲ್ಯಾಬಿಗೆ ಕಳಿಸಿ. ಗಡಸುತನ, ನೈಟ್ರೇಟ್, ಕೋಲಿಫಾರ್ಮ್ ಮೂರನ್ನಾದ್ರೂ ನೋಡಿಸಿ. ರಿಪೋರ್ಟನ್ನ ಲಿಫ್ಟ್ ಪಕ್ಕ ಅಂಟಿಸಿ, ಒಂದು ಪ್ರತಿ ಜಲಮಂಡಳಿಯ ಏರಿಯಾ ಆಫೀಸಿಗೂ ಕೊಡಿ. ಆಮೇಲೆ ಯಾವ ಮೆಷಿನ್ ಬೇಕು, ಬೇಕೋ ಬೇಡವೋ ಅಂತ ಕೂತು ಮಾತಾಡೋಣ.